ಲೋಕಲಿನ ವೇಳೆ, ಊಟದ ವೇಳೆ

ಜನವರಿಯ ಮೂರನೆಯ ಭಾನುವಾರ ಮುಂಬಯಿ ಮ್ಯಾರಥಾನ್. ಅಂದು ಓಟಗಾರರಿಗೆಂದೇ ಮಧ್ಯ ರೈಲ್ವೆಯವರು ನಸುಕಿನ ಮೂರರ ಸುಮಾರಿಗೆ ಕಲ್ಯಾಣದಿಂದ ಸಿಎಸ್‌ಎಂಟಿಗೆ ವಿಶೇಷ ಲೋಕಲ್ ಬಿಡುವುದುಂಟು. ಡೊಂಬಿವಲಿಯಲ್ಲಿ ಒಂದಷ್ಟು ಜನ, ಥಾಣೆಯಲ್ಲಿ ಇನ್ನಷ್ಟು ಜನ ಹತ್ತುತ್ತಾರೆ. ಪೂರ್ಣ ಮ್ಯಾರಥಾನ್ ಶುರುವಾಗುವುದು ಐದರ ಆಸುಪಾಸು. ಆ ಗಾಡಿಯಲ್ಲಿ ಕೂತವರ ಕೈಚೀಲ ನೋಡಿದರೆ ಸಾಕು, ಕ್ರೀಡಾ ಪೋಷಣೆಯ ಸಕಲ ಮತಭೇದಗಳೂ ಸಿಗುತ್ತವೆ. ಒಬ್ಬರು ಬಾಳೆಹಣ್ಣು ಸುಲಿಯುತ್ತಾರೆ, ಇನ್ನೊಬ್ಬರು ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ ತೆಗೆಯುತ್ತಾರೆ. ಮತ್ತೊಬ್ಬರು ಶೇಕರ್ ಬಾಟಲಿ ಕುಲುಕುತ್ತಿದ್ದರೆ, ಪಕ್ಕದವರು ಖಾಲಿ ಹೊಟ್ಟೆಯಲ್ಲಿ ಓಡಿದರೇ ಕೊಬ್ಬು ಕರಗುವುದೆಂದು ನೀರನ್ನಷ್ಟೇ ಗುಟುಕರಿಸುತ್ತಿರುತ್ತಾರೆ.

ಇವರಲ್ಲಿ ಪದಕಕ್ಕೆ ಓಡುವವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಬ್ಯಾಂಕು, ಕಂಪನಿ, ಶಾಲೆ, ಹೋಟೆಲುಗಳಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಮೈ ದಣಿಸುವ ಸಾಮಾನ್ಯ ಮಂದಿ. ಥಾಣೆಯವರು ಯೇವೂರಿನ ಏರು ಹತ್ತುತ್ತಾರೆ, ಉಪವನ ಕೆರೆಯ ಸುತ್ತ ಓಡುತ್ತಾರೆ. ನವಿ ಮುಂಬಯಿಯವರಿಗೆ ಪಾಮ್ ಬೀಚ್ ರಸ್ತೆ, ಪಾರಸಿಕ್ ಗುಡ್ಡ, ಖಾರ್ಘರದ ಬೆಟ್ಟ ಇವೆ. ಡೊಂಬಿವಲಿಯವರಿಗೆ ಬಯಲು ಕಡಿಮೆ. ಸಾವಳಾರಾಮ ಮಹಾರಾಜ ಕ್ರೀಡಾ ಸಂಕುಲ, ಜಿಮ್ಖಾನಾ, ಎಂಐಡಿಸಿಯ ಒಳರಸ್ತೆಗಳು. ಇವರ ಜೊತೆಗೆ ಕಬಡ್ಡಿಯ ಹುಡುಗರು, ದಹಿಹಂಡಿಗೆ ರಾತ್ರಿ ತಾಲೀಮು ನಡೆಸುವ ಗೋವಿಂದರು, ಗಲ್ಲಿಗೊಂದರಂತೆ ಎದ್ದಿರುವ ಜಿಮ್ಮುಗಳ ಮಂದಿ, ನಮ್ಮ ಕನ್ನಡ-ತುಳು ಸಂಘಗಳ ವಾರ್ಷಿಕ ಕ್ರೀಡಾಕೂಟಕ್ಕೆ ತಿಂಗಳಿರುವಾಗ ಎಚ್ಚೆತ್ತು ಹಗ್ಗ ಹಿಡಿಯುವವರು.

ಇಂಥವರು ಏನು ತಿನ್ನಬೇಕು ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಉತ್ತರಗಳು ರಾಶಿ ಬಿದ್ದಿವೆ. ಆದರೆ ಅವುಗಳಲ್ಲಿ ಬಹುಪಾಲು ಬರೆದವರು, ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟು ರಾತ್ರಿ ಒಂಬತ್ತಕ್ಕೆ ಮರಳುವ, ಅದರ ನಡುವೆ ಎರಡು ಮೂರು ತಾಸು ಲೋಕಲಿನಲ್ಲಿ ನಿಂತೇ ಇರುವ ಮನುಷ್ಯನನ್ನು ಕಂಡವರಲ್ಲ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ 48 ಕಿ.ಮೀ., ಕಲ್ಯಾಣದಿಂದ 54. ಇಲ್ಲಿನವರ ಮುಖ್ಯ ತೊಡಕು ಆಹಾರದ ಕೊರತೆಯೂ ಅಲ್ಲ, ತಿಳಿವಳಿಕೆಯ ಕೊರತೆಯೂ ಅಲ್ಲ. ಊಟದ ಹೊತ್ತನ್ನು ಹೊಟ್ಟೆ ತೀರ್ಮಾನಿಸುವುದಿಲ್ಲ, ರೈಲಿನ ವೇಳಾಪಟ್ಟಿ ತೀರ್ಮಾನಿಸುತ್ತದೆ ಎನ್ನುವುದೇ ನನ್ನ ವಾದ.

ಮೊದಲು ಪ್ರೋಟೀನಿನ ವಿಷಯಕ್ಕೆ ಬರೋಣ, ಯಾಕೆಂದರೆ ಜಗಳವೆಲ್ಲ ಅಲ್ಲೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಪ್ರಮಾಣದ ಪ್ರಕಾರ, ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 65 ಕೆ.ಜಿ. ತೂಕದವನಿಗೆ 54 ಗ್ರಾಂ ಆಯಿತು. ಇದು ಸಾಧಾರಣ ಮನುಷ್ಯನ ಲೆಕ್ಕ. ನಿಯಮಿತವಾಗಿ ಕಸರತ್ತು ಮಾಡುವವರಿಗೆ ಅಮೆರಿಕ, ಕೆನಡಾಗಳ ಪೋಷಣಾ ಮತ್ತು ಕ್ರೀಡಾ ವೈದ್ಯ ಸಂಘಟನೆಗಳು 2016ರಲ್ಲಿ ಹೇಳಿದ್ದು 1.2ರಿಂದ 2 ಗ್ರಾಂ. ಅದೇ 65 ಕೆ.ಜಿ.ಗೆ ಕೆಳಮಟ್ಟ ಹಿಡಿದರೂ 78 ಗ್ರಾಂ.

ಈಗ ಡೊಂಬಿವಲಿಯ ಒಂದು ಸಾಮಾನ್ಯ ಸಸ್ಯಾಹಾರಿ ಮನೆಯ ದಿನವನ್ನು ಹತ್ತಿರದಿಂದ ನೋಡೋಣ. ಐದು ಗಂಟೆಗೆ ಚಹಾ, ಎರಡು ಬಿಸ್ಕತ್ತು: ಒಂದೂವರೆ ಗ್ರಾಂ. ಓಡಿ ಬಂದು, ಸ್ನಾನ ಮುಗಿಸಿ, ನಿಂತಲ್ಲೇ ಒಂದು ತಟ್ಟೆ ಪೋಹೆ: ಐದು ಗ್ರಾಂ. ಮಧ್ಯಾಹ್ನದ ಡಬ್ಬಿಯಲ್ಲಿ ಮೂರು ಚಪಾತಿ, ಪಲ್ಯ, ಚೂರು ದಾಲ್-ಅನ್ನ: ಹತ್ತೊಂಬತ್ತು ಇಪ್ಪತ್ತು. ಸಂಜೆ ಆಫೀಸಿನಲ್ಲಿ ಕಟಿಂಗ್ ಚಹಾ: ಎರಡು. ಏಳೂವರೆಗೆ ಸ್ಟೇಷನ್ನಿನ ಹೊರಗೆ ವಡಾಪಾವ್: ಆರು. ರಾತ್ರಿ ಹತ್ತಕ್ಕೆ ಅನ್ನ, ಸಾರು, ಪಲ್ಯ, ಮೊಸರು: ಹದಿನೈದು. ಕೂಡಿಸಿದರೆ ಐವತ್ತರ ಆಸುಪಾಸು. ಕೂತು ಕೆಲಸ ಮಾಡುವವನ ಪ್ರಮಾಣವನ್ನೇ ಇದು ಸರಿಯಾಗಿ ಮುಟ್ಟುವುದಿಲ್ಲ. ಅದಕ್ಕಿಂತ ದೊಡ್ಡ ದೋಷವೆಂದರೆ, ಬೆಳಿಗ್ಗೆ ಮೈ ದಂಡಿಸಿದ ಮೇಲೆ ಮಧ್ಯಾಹ್ನ ಒಂದರವರೆಗೆ ಸ್ನಾಯುವಿಗೆ ಸಿಕ್ಕಿದ್ದು ಪೋಹೆಯ ಐದೇ ಗ್ರಾಂ. ಒಂದು ಹೊತ್ತಿಗೆ 20ರಿಂದ 25 ಗ್ರಾಂ ಪ್ರೋಟೀನ್ ಸಿಕ್ಕಾಗ ಸ್ನಾಯುವಿನ ದುರಸ್ತಿ ಚೆನ್ನಾಗಿ ನಡೆಯುತ್ತದೆ ಎಂಬುದು ಇಂದು ಬಹುಮಟ್ಟಿಗೆ ಒಪ್ಪಿತ ಮಾತು. ನಮ್ಮವರ ದಿನದಲ್ಲಿ ಆ ಮಟ್ಟದ ಹತ್ತಿರ ಬರುವುದು ಮಧ್ಯಾಹ್ನದ ಡಬ್ಬಿಯೊಂದೇ.

ಇದನ್ನು ಸರಿಪಡಿಸಲು ಪುಡಿ ಬೇಕಿಲ್ಲ. ಬೆಳಿಗ್ಗೆ ಪೋಹೆಯ ಜೊತೆ ಎರಡು ಮೊಟ್ಟೆ ಸೇರಿದರೆ ಹನ್ನೆರಡು ಗ್ರಾಂ ಬಂತು. ಮೊಟ್ಟೆ ತಿನ್ನದವರಿಗೆ ಒಂದು ಲೋಟ ಹಾಲು ಎಂಟು ಗ್ರಾಂ, ಒಂದು ಬಟ್ಟಲು ಮಟಕಿ ಉಸಳ್ ಏಳೆಂಟು. ಸಂಜೆ ಗಾಡಿಗೆ ಕಾಯುವಾಗ ಚೀಲದಲ್ಲಿ 50 ಗ್ರಾಂ ಹುರಿಗಡಲೆ ಇದ್ದರೆ ಅದರಿಂದ ಹತ್ತು. ರಾತ್ರಿ ಸಾರಿನ ಜಾಗದಲ್ಲಿ ವಾರಕ್ಕೆರಡು ದಿನ ಹುರುಳಿ ಸಾರು ಮಾಡಿ, ಬಸಿದ ಕಾಳನ್ನೂ ಪಲ್ಯವಾಗಿಸಿ ತಿಂದರೆ ಆ ದಿನಗಳಲ್ಲಿ ಲೆಕ್ಕ ಎಂಬತ್ತರ ಹತ್ತಿರ ಬರುತ್ತದೆ. ಕೊಂಕಣದವರು ಇದೇ ಹುರುಳಿಯನ್ನು ಹಿಟ್ಟು ಮಾಡಿ ಪಿಠಲ ಮಾಡುತ್ತಾರೆ. ಹತ್ತು ನಿಮಿಷದ ಅಡುಗೆ, ಅನ್ನಕ್ಕೂ ಸೈ ಭಾಕರಿಗೂ ಸೈ. ಪಕ್ಕದ ಮನೆಯ ಮರಾಠಿ ವಹಿನಿಯಿಂದ ಕಲಿಯಬೇಕಾದ ಮೊದಲ ಪಾಠ ಇದೇ ಎನ್ನುತ್ತೇನೆ.

ನಮ್ಮ ಉಡುಪಿ ಹೋಟೆಲುಗಳ ತಿಂಡಿಯ ಮೇಲೆ ಫಿಟ್‌ನೆಸ್ ಮಂದಿ ಹರಿಹಾಯುವುದುಂಟು. ಇಡ್ಲಿಯೆಂದರೆ ಬರೀ ಪಿಷ್ಟವಂತೆ. ನಾಲ್ಕು ಇಡ್ಲಿ, ಒಂದು ಬಟ್ಟಲು ಬೇಳೆ ಗಟ್ಟಿಯಿರುವ ಸಾಂಬಾರಿನಲ್ಲಿ ಹನ್ನೆರಡು ಗ್ರಾಮಿನಷ್ಟು ಪ್ರೋಟೀನ್ ಇದೆ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮಿನೋ ಆಮ್ಲ ಉದ್ದಿನಲ್ಲಿದೆ, ಹುದುಗು ಬಂದದ್ದರಿಂದ ಜೀರ್ಣಕ್ಕೂ ಹಗುರ. ಒಂದು ಲೋಟ ಹಾಲು ಜೊತೆಯಾದರೆ ಓಟಗಾರನ ಬೆಳಗಿನ ತಿಂಡಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಾಣೆ. ಸಾಂಬಾರಿನಲ್ಲಿ ಬೇಳೆ ಹುಡುಕಬೇಕಾದ ಹೋಟೆಲುಗಳ ಮಾತು ಬೇರೆ!

ಪ್ರೋಟೀನಿನ ಗದ್ದಲದಲ್ಲಿ ನಾವು ಮರೆತಿರುವುದು ಪಿಷ್ಟವನ್ನು. ಓಡುವ ಕಾಲಿಗೆ ಮುಖ್ಯ ಇಂಧನ ಸ್ನಾಯುವಿನಲ್ಲಿ, ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್. 1939ರಲ್ಲೇ ಡೆನ್ಮಾರ್ಕಿನ ಕ್ರಿಸ್ಟೆನ್‌ಸೆನ್ ಮತ್ತು ಹಾನ್‌ಸೆನ್, ಪಿಷ್ಟ ಹೆಚ್ಚಾಗಿ ತಿಂದವರು ಕೊಬ್ಬು ತಿಂದವರಿಗಿಂತ ಎಷ್ಟೋ ಹೆಚ್ಚು ಹೊತ್ತು ದಣಿಯದೆ ದುಡಿಯಬಲ್ಲರೆಂದು ತೋರಿಸಿದ್ದರು. 1967ರಲ್ಲಿ ಸ್ಟಾಕ್‌ಹೋಮಿನ ಬೆರ್ಗ್‌ಸ್ಟ್ರಮ್ ಮತ್ತು ಸಂಗಡಿಗರು ಸ್ನಾಯುವಿಗೆ ಸೂಜಿ ಚುಚ್ಚಿ ಮಾದರಿ ತೆಗೆದು, ಇದಕ್ಕೆ ಕಾರಣ ಗ್ಲೈಕೋಜನ್ನೇ ಎಂದು ಸ್ಥಾಪಿಸಿದರು. ಒಂದು ಕಿ.ಮೀ. ಓಡಲು ದೇಹತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕಿಲೋಕ್ಯಾಲೊರಿ ಖರ್ಚು. 65 ಕೆ.ಜಿ.ಯವನಿಗೆ ಪೂರ್ಣ ಮ್ಯಾರಥಾನಿಗೆ 2,700ರ ಮೇಲೆ ಬೇಕು. ಕೂಡಿಟ್ಟ ಗ್ಲೈಕೋಜನ್ನಿನಿಂದ ಸಿಗುವುದು 2,000ದ ಒಳಗೆ. ಮುಂಬಯಿ ಓಟದಲ್ಲಿ ಪೆಡ್ಡರ್ ರೋಡಿನ ಏರು ಕಾಣಿಸಿಕೊಳ್ಳುವುದು ಕೊನೆಯ ಭಾಗದಲ್ಲಿ, ಸರಿಯಾಗಿ ಈ ಗಂಟು ಕರಗಿದ ಹೊತ್ತಿಗೆ. ಅಲ್ಲಿ ನಡೆಯಲು ಶುರುಮಾಡಿದವರೆಲ್ಲ ತಾಲೀಮು ಸಾಲದವರಲ್ಲ. ತಿಂಡಿ ಸಾಲದವರೂ ಇರುತ್ತಾರೆ.

ಹಾಗಾಗಿ ಮೂರರ ಲೋಕಲಿನಲ್ಲಿ ನೀರು ಮಾತ್ರ ಗುಟುಕರಿಸುವವರ ಪರ ನಾನಿಲ್ಲ. ಓಟಕ್ಕೆ ಒಂದರಿಂದ ನಾಲ್ಕು ತಾಸು ಮುಂಚೆ ದೇಹತೂಕದ ಪ್ರತಿ ಕಿಲೋಗೆ 1ರಿಂದ 4 ಗ್ರಾಂ ಪಿಷ್ಟ ಹೊಟ್ಟೆಗೆ ಬಿದ್ದಿರಬೇಕೆನ್ನುತ್ತದೆ ಶಾಸ್ತ್ರ. ನಾಲ್ಕು ಇಡ್ಲಿ, ಎರಡು ಬಾಳೆಹಣ್ಣು, ಸಕ್ಕರೆ ಹಾಕಿದ ಒಂದು ಲೋಟ ಚಹಾ ಎಂದರೆ 100 ಗ್ರಾಮಿನ ಆಸುಪಾಸು; ಎರಡೂವರೆಗೆ ಮನೆಯಲ್ಲೇ ತಿಂದು ಹೊರಟರೆ ಐದಕ್ಕೆ ಹೊಟ್ಟೆ ಹಗುರವಾಗಿರುತ್ತದೆ. ಓಟದ ನಡುವೆ ತಾಸಿಗೆ 30ರಿಂದ 60 ಗ್ರಾಂ ಬೇಕು. ದುಬಾರಿ ಜೆಲ್ಲೇ ಆಗಬೇಕೆಂದಿಲ್ಲ, ಐದಾರು ಖರ್ಜೂರದಲ್ಲಿ 30 ಗ್ರಾಂ ಇದೆ. ಆದರೆ ಓಟದ ದಿನವೇ ಮೊದಲ ಸಲ ಪ್ರಯೋಗ ಮಾಡಬಾರದು, ಹೊಟ್ಟೆಗೂ ತಾಲೀಮು ಬೇಕು. ಇನ್ನು ವಾರಕ್ಕೆ ಮೂರು ದಿನ ಮುಕ್ಕಾಲು ತಾಸು ನಿಧಾನ ಓಡುವವರಿಗೆ ಇಷ್ಟೆಲ್ಲ ಬೇಡ. ಅವರು ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಓಡಿದರೂ ಕೆಡುಕಿಲ್ಲ, ಮನೆಗೆ ಬಂದಮೇಲೆ ತಿಂದರೆ ಸರಿ.

ಪಿಷ್ಟ ಬಿಟ್ಟು ಕೊಬ್ಬನ್ನೇ ನೆಚ್ಚುವ ಕೀಟೋ ಪಥ್ಯ ಹಿಡಿದವರು ಸುತ್ತಮುತ್ತ ಬಹಳ. ತೂಕ ಇಳಿಸಲು ಅದರಿಂದ ಕೆಲವರಿಗೆ ಪ್ರಯೋಜನವಾದೀತು. ವೇಗಕ್ಕಲ್ಲ. ಆಸ್ಟ್ರೇಲಿಯಾದ ಲೂಯಿಸ್ ಬರ್ಕ್ ವಿಶ್ವಮಟ್ಟದ ನಡಿಗೆ ಸ್ಪರ್ಧಿಗಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿಷ್ಟ ಬಿಟ್ಟವರ ದೇಹ ಕೊಬ್ಬನ್ನು ಹೆಚ್ಚು ಉರಿಸಿತು ನಿಜ, ಆದರೆ ಅದೇ ವೇಗಕ್ಕೆ ಹೆಚ್ಚು ಆಮ್ಲಜನಕ ಬೇಕಾಯಿತು. ಮೂರು ವಾರ ಕಠಿಣ ತಾಲೀಮು ಮಾಡಿಯೂ ಅವರ ಸ್ಪರ್ಧಾವೇಳೆ ಸುಧಾರಿಸಲಿಲ್ಲ. ಅನ್ನ ಬಿಟ್ಟು ಯೇವೂರು ಹತ್ತುವವರು ಇದನ್ನು ಗಮನಿಸಬೇಕು.

ಇನ್ನು ಪುಡಿಗಳು. ಡೊಂಬಿವಲಿ, ಕಲ್ಯಾಣಗಳ ಸ್ಟೇಷನ್ ಸುತ್ತ ದೊಡ್ಡ ದೊಡ್ಡ ಡಬ್ಬ ಜೋಡಿಸಿಟ್ಟ ಅಂಗಡಿಗಳಿಗೆ ಬರವಿಲ್ಲ. ಗರಡಿ ಮನೆಯ ಕಾಲದಲ್ಲಿ ಪೈಲ್ವಾನನ ಬಲವೆಲ್ಲ ಹಾಲು, ತುಪ್ಪ, ಬಾದಾಮಿಯಲ್ಲಿದೆಯೆಂದು ನಂಬಿದಂತೆ ಈಗ ವೇ ಪುಡಿಯನ್ನು ನಂಬಿದ್ದೇವೆ. ವೇ ಎಂದರೆ ಚೀಸ್ ಮಾಡುವಾಗ ಉಳಿಯುವ ಹಾಲಿನ ನೀರಿನಿಂದ ತೆಗೆದ ಪ್ರೋಟೀನ್. ವಿಷವೂ ಅಲ್ಲ, ಅಮೃತವೂ ಅಲ್ಲ. ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ 17 ಮಾರ್ಗಸೂಚಿಗಳಲ್ಲಿ, ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿ ಬಳಸಬೇಡಿ ಎಂದೇ ಹೇಳಿದೆ. ನನಗೆ ಅದು ಸ್ವಲ್ಪ ಅತಿಯೆನಿಸುತ್ತದೆ. ಆರಕ್ಕೆ ಜಿಮ್ಮು, ಏಳೂವರೆಗೆ ಗಾಡಿ ಎನ್ನುವವನಿಗೆ ಒಂದು ಚಮಚ ಪುಡಿ ಒಂದು ಅನುಕೂಲ, ಅಷ್ಟೇ. ಆದರೆ ಸಂಸ್ಥೆಯ ಅನುಮಾನಕ್ಕೆ ಕಾರಣವಿದೆ. ಅದೇ ವರ್ಷ ಕೇರಳದ ವೈದ್ಯರ ತಂಡವೊಂದು ಭಾರತದ ಮಾರುಕಟ್ಟೆಯ 36 ಪ್ರೋಟೀನ್ ಉತ್ಪನ್ನಗಳನ್ನು ಪರೀಕ್ಷೆಗೊಳಪಡಿಸಿದಾಗ, ಸುಮಾರು ಶೇ 70ರಷ್ಟರಲ್ಲಿ ಡಬ್ಬದ ಮೇಲೆ ಬರೆದ ಪ್ರೋಟೀನ್ ಪ್ರಮಾಣಕ್ಕೂ ಒಳಗಿದ್ದುದಕ್ಕೂ ತಾಳೆಯಾಗಲಿಲ್ಲ. ಕೆಲವುಗಳಲ್ಲಿ ಶಿಲೀಂಧ್ರದ ವಿಷವೂ ಕೀಟನಾಶಕದ ಶೇಷವೂ ಕಂಡುಬಂತು. ಊಟದಲ್ಲಿ ಬೇಳೆಯಿಲ್ಲ, ಬೆಳಿಗ್ಗೆ ತಿಂಡಿಯಿಲ್ಲ, ಮೂರು ಸಾವಿರದ ಡಬ್ಬ ಮಾತ್ರ ಇದೆ ಎಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದ ಹಾಗಾಯಿತು.

ಉಳಿದ ಪುಡಿಗಳಲ್ಲಿ ಭಾರ ಎತ್ತುವವರಿಗೆ ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ನಿಜಕ್ಕೂ ಕೆಲಸ ಮಾಡುತ್ತದೆ. ಮೂತ್ರಪಿಂಡದ ತೊಂದರೆಯಿದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕೆಫೀನ್ ಕೂಡ ಸಾಬೀತಾದದ್ದೇ, ನಮ್ಮ ಫಿಲ್ಟರ್ ಕಾಫಿಯಲ್ಲೂ ಅದೇ ಇದೆ. ಬಿಸಿಎಎ ಎಂಬ ಅಮಿನೋ ಆಮ್ಲದ ಪುಡಿ, ಫ್ಯಾಟ್ ಬರ್ನರ್‌ಗಳಿಗೆ ದುಡ್ಡು ಸುರಿಯುವುದು ದಂಡ. ಜಿಮ್ಮುಗಳಲ್ಲಿ ಪಿಸುಮಾತಿನಲ್ಲಿ ಸಿಗುವ ಚುಚ್ಚುಮದ್ದುಗಳ ಮಾತು ಮಾತ್ರ ಬೇರೆಯೇ. ಮೆಫೆಂಟರ್ಮೈನ್ ಶಸ್ತ್ರಕ್ರಿಯೆಯ ವೇಳೆ ಕುಸಿದ ರಕ್ತದೊತ್ತಡ ಏರಿಸಲು ಕೊಡುವ ಔಷಧಿ, ಕ್ರೀಡೆಯಲ್ಲಿ ನಿಷೇಧಿತ. ಅದನ್ನು ತಾಲೀಮಿಗೆ ಮುಂಚೆ ಚುಚ್ಚಿಕೊಳ್ಳುವುದು ಹೃದಯದ ಜೊತೆ ಆಡುವ ಜೂಜು. ಮನೆಯಲ್ಲಿ ಇಪ್ಪತ್ತರ ಹರೆಯದ ಮಗನಿದ್ದರೆ ಈ ಹೆಸರು ನೆನಪಿಟ್ಟುಕೊಳ್ಳಿ.

ನೀರು ಮತ್ತು ಉಪ್ಪಿನ ವಿಷಯದಲ್ಲಿ ಬೆಂಗಳೂರಿನ ಓಟಗಾರರ ಸಲಹೆ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಬೆವರು ಆರುತ್ತದೆ. ಇಲ್ಲಿ ಗಾಳಿಯಲ್ಲೇ ಅಷ್ಟು ತೇವವಿರುವಾಗ ಬೆವರು ಆರದೆ ಬರೀ ಇಳಿಯುತ್ತದೆ, ಮೈ ತಣಿಯುವುದಿಲ್ಲ. ದೇಹತೂಕದ ಶೇ 2ರಷ್ಟು ನೀರು ಹೋದರೆ ಸಾಮರ್ಥ್ಯ ಕುಂದತೊಡಗುತ್ತದೆ: 65 ಕೆ.ಜಿ.ಗೆ 1.3 ಲೀಟರ್, ಅಕ್ಟೋಬರಿನ ಒಂದು ಬೆಳಗಿನ ಓಟಕ್ಕೆ ಅದೇನೂ ಹೆಚ್ಚಲ್ಲ. ಓಟದ ಹಿಂದೆ ಮುಂದೆ ತೂಕ ನೋಡಿಕೊಂಡರೆ ನಿಮ್ಮ ಬೆವರಿನ ಲೆಕ್ಕ ನಿಮಗೇ ಸಿಗುತ್ತದೆ. ಹಾಗೆಂದು ಬರೀ ನೀರನ್ನು ಸುರಿದುಕೊಳ್ಳುವುದೂ ತಪ್ಪು. ಬೋಸ್ಟನ್ ಮ್ಯಾರಥಾನಿನ 488 ಓಟಗಾರರ ರಕ್ತ ಪರೀಕ್ಷಿಸಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 13ರಷ್ಟು ಮಂದಿಗೆ ಸೋಡಿಯಂ ಅಪಾಯದ ಕಡೆಗೆ ಇಳಿದಿತ್ತು. ನಿಧಾನವಾಗಿ ಓಡುತ್ತ, ಪ್ರತಿ ನೀರಿನ ಮೇಜಿನಲ್ಲೂ ನಿಂತು ಕುಡಿಯುವವರಿಗೇ ಇದರ ಭಯ ಹೆಚ್ಚು.

ನೀರಿನ ಜೊತೆ ಉಪ್ಪೂ ಸಿಗಲು ನಮ್ಮಲ್ಲಿ ಪುನರ್ಪುಳಿ ಇದೆ, ಇಲ್ಲಿಯವರ ಕೋಕಮ್. ಒಂದು ಲೀಟರ್ ನೀರಿಗೆ 50-60 ಗ್ರಾಂ ಸಕ್ಕರೆ ಅಥವಾ ಬೆಲ್ಲ, ಕಾಲು ಚಮಚ ಉಪ್ಪು, ರುಚಿಗೆ ಪುನರ್ಪುಳಿ ರಸ ಹಾಕಿದರೆ ಅಂಗಡಿಯ ಕ್ರೀಡಾಪಾನೀಯಕ್ಕೆ ಸರಿಸಮವಾದದ್ದು ಮನೆಯಲ್ಲೇ ಆಯಿತು. ಕೊಂಕಣದ ಕೋಕಮ್ ಆಗಳ್ ಬಳಸುವುದಾದರೆ ಅದರಲ್ಲಿ ಮೊದಲೇ ಉಪ್ಪಿರುತ್ತದೆ, ಮತ್ತೆ ಹಾಕಬೇಡಿ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ರಕ್ತದೊತ್ತಡ ಇರುವವರು ಉಪ್ಪಿನ ವಿಚಾರದಲ್ಲಿ ತಮ್ಮ ವೈದ್ಯರ ಮಾತೇ ಕೇಳಬೇಕು.

ಮಳೆಗಾಲದ್ದು ಇನ್ನೊಂದು ಕತೆ. ಥಾಣೆ ಮಹಾನಗರಪಾಲಿಕೆಯ ವರ್ಷಾ ಮ್ಯಾರಥಾನ್ ನಡೆಯುವುದು ಆಗಸ್ಟಿನಲ್ಲಿ. ಜೂನ್, ಜುಲೈ ಎರಡು ತಿಂಗಳು ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಾರುಕಟ್ಟೆಯಲ್ಲಿ ಬಂಗುಡೆ ಭೂತಾಯಿ ಸಿಕ್ಕಿದರೂ ಬೆಲೆ ಕೇಳಿ ಮರಳಬೇಕು. ಅದು ಮುಗಿಯುವ ಹೊತ್ತಿಗೆ ಶ್ರಾವಣ. ಮೀನು ಮೊಟ್ಟೆ ಎರಡೂ ಮನೆಯೊಳಗೆ ಬರುವುದಿಲ್ಲ. ಅಂದರೆ ಮೀನು ತಿನ್ನುವ ಮನೆಗಳಲ್ಲೂ ತಾಲೀಮು ಬಿರುಸಾದ ತಿಂಗಳುಗಳಲ್ಲೇ ಪ್ರೋಟೀನ್ ತಳ ಹಿಡಿಯುತ್ತದೆ. ಸೋಮವಾರದ ಉಪವಾಸದ ಸಾಬುದಾಣಾ ಖಿಚಡಿ ಓಟಗಾರನಿಗೆ ಪಿಷ್ಟದ ಮಟ್ಟಿಗೆ ಅಡ್ಡಿಯಿಲ್ಲ. ಅದರಲ್ಲಿರುವ ಪ್ರೋಟೀನೆಲ್ಲ ಶೇಂಗಾ ಪುಡಿಯದ್ದು, ಆದ್ದರಿಂದ ಶೇಂಗಾಕ್ಕೆ ಕೈ ಬಿಗಿ ಹಿಡಿಯಬೇಡಿ, ಪಕ್ಕದಲ್ಲಿ ಒಂದು ಬಟ್ಟಲು ಮೊಸರಿರಲಿ. ಶ್ರಾವಣ ಪಾಲಿಸದವರಿಗೆ ಒಣಮೀನು ಇದ್ದೇ ಇದೆ. ಉಪ್ಪು ಹೆಚ್ಚಾದ್ದರಿಂದ ಚೆನ್ನಾಗಿ ತೊಳೆದು ಬಳಸಬೇಕು.

ಹೆಂಗಸರ ವಿಷಯ ಬರೆಯುವಾಗ ಸಲಹೆ ಕೊಡಲು ಸಂಕೋಚವಾಗುತ್ತದೆ. ನಾಲ್ಕೂವರೆಗೆದ್ದು ಮೂರು ಡಬ್ಬಿ ಕಟ್ಟಿ, ಓಡಲು ಹೋಗಿ, ಲೇಡೀಸ್ ಸ್ಪೆಷಲ್ ಹಿಡಿಯುವಾಕೆಗೆ ಇನ್ನೇನು ಹೇಳುವುದು? ಆದರೂ ಕಬ್ಬಿಣದ ಮಾತು ಹೇಳಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ರಕ್ತದಲ್ಲಿ ಆಮ್ಲಜನಕ ಒಯ್ಯುವುದೇ ಹಿಮೋಗ್ಲೋಬಿನ್ ಆದ್ದರಿಂದ ಇವರಿಗೆ ಏರು ಹತ್ತುವಾಗ ಬರುವ ಉಸಿರುಬ್ಬಸಕ್ಕೆ ಎಷ್ಟು ತಾಲೀಮೂ ಮದ್ದಲ್ಲ. ಊಟದ ಜೊತೆಗಿನ ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಿಂಬೆ, ನೆಲ್ಲಿಕಾಯಿ ಹತ್ತಿಸುತ್ತವೆ. ಚಹಾವನ್ನು ಊಟದಿಂದ ಒಂದು ತಾಸು ಆಚೆ ಇಟ್ಟರೆ ಅದೇ ದೊಡ್ಡ ಲಾಭ. ಓಟ ಹೆಚ್ಚಿಸಿ ಊಟ ಇಳಿಸಿದವರಲ್ಲಿ ಮುಟ್ಟು ತಪ್ಪುವುದು, ಮೂಳೆ ಸಣ್ಣಗೆ ಬಿರುಕುಬಿಡುವುದು ಕಂಡರೆ ಅದು ಶಕ್ತಿಯ ಕೊರತೆಯ ಲಕ್ಷಣ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇದಕ್ಕೊಂದು ಹೆಸರನ್ನೇ ಕೊಟ್ಟು, ಗಂಡಸರಿಗೂ ಇದು ಬರುತ್ತದೆಂದು ಎಚ್ಚರಿಸಿದ್ದಾರೆ.

ನಿವೃತ್ತರಾದವರು ನವಿ ಮುಂಬಯಿಯ ತೋಟಗಳಲ್ಲಿ ಬೆಳಿಗ್ಗೆ ನಡೆದು ಬಂದು ಎರಡು ಖಾಖ್ರಾ ತಿಂದು ಮುಗಿಸುತ್ತಾರೆ. 65 ದಾಟಿದವರಿಗೆ ಪ್ರೋಟೀನ್ ಕಡಿಮೆಯಲ್ಲ, ಹೆಚ್ಚು ಬೇಕು. ಕಿಲೋಗೆ 1ರಿಂದ 1.2 ಗ್ರಾಂ ಎಂಬುದು ಪರಿಣತರ ಮಾತು. ಸ್ನಾಯು ಕರಗಿದ ಕಾಲು ಮೆಟ್ಟಿಲಲ್ಲಿ ಮೊದಲು ಕೈಕೊಡುತ್ತದೆ. ಸಸ್ಯಾಹಾರಿಗಳು ಬಿ12 ಮತ್ತು ಡಿ ವಿಟಮಿನ್ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳಿತು.

ಇಷ್ಟೆಲ್ಲ ತಿರುವಿ ಹಾಕಿದ ಮೇಲೆ ನನ್ನ ತೀರ್ಪು ಇದು: ಕಲ್ಯಾಣ, ಡೊಂಬಿವಲಿ, ಥಾಣೆ, ನವಿ ಮುಂಬಯಿಗಳ ದುಡಿಯುವ ಕ್ರೀಡಾಳುವಿಗೆ ಹೊಸ ಆಹಾರಕ್ಕಿಂತ ಜರೂರಾಗಿ ಬೇಕಾಗಿರುವುದು ಎರಡನೆಯ ಡಬ್ಬಿ. ಮಧ್ಯಾಹ್ನದ ಡಬ್ಬಿ ಎಲ್ಲರ ಚೀಲದಲ್ಲೂ ಇದೆ. ಸಂಜೆ ಆರರದ್ದು ಯಾರಲ್ಲೂ ಇಲ್ಲ. ಅದರಲ್ಲಿ ಹುರಿಗಡಲೆಯೋ ಉಸಳೋ ಮೊಟ್ಟೆಯೋ ಇದ್ದರೆ ವಡಾಪಾವ್ ವಾರಕ್ಕೊಮ್ಮೆಯ ಸುಖವಾಗಿ ಉಳಿಯುತ್ತದೆ, ರಾತ್ರಿ ಹತ್ತರ ಊಟ ಹಗುರವಾಗುತ್ತದೆ, ನಿದ್ದೆ ಬೇಗ ಹತ್ತುತ್ತದೆ, ನಸುಕಿನಲ್ಲಿ ಕಾಲು ಮಾತು ಕೇಳುತ್ತದೆ. ಮುಂದಿನ ಸೋಮವಾರದಿಂದ ಒಂದು ತಿಂಗಳು ಹೀಗೆ ಮಾಡಿ ನೋಡಿ, ಆಮೇಲೂ ಪುಡಿಯ ಡಬ್ಬ ಬೇಕೆನಿಸಿದರೆ ಕೊಳ್ಳಿ. ಕೊಳ್ಳುವ ಮುಂಚೆ ಅದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಲು ಮರೆಯಬೇಡಿ.